ಒಂಬತ್ತನೇ ಪುಟದ ಮುಯ್ಯಿ

ಜುಲೈ ೮, ಮಂಗಳವಾರ

ಲಿಂಗಸುಗೂರಿನಲ್ಲಿ, ಸಾಲಿಗಳಿಗೆ ಟೀಚರನ್ನು ಕಳಿಸುವ ಸಂಸ್ಥೆಯ ತರಬೇತಿ ಮುಗಿಯಿತು. ಎರಡು ನೋಟುಬುಕ್ಕು ಸಿಕ್ಕಿವೆ. ಒಂದು ತೋರಿಸುವುದಕ್ಕೆ. ತರಗತಿಯಲ್ಲಿ ನಡೆದದ್ದನ್ನು ಬರೆದು ತಿಂಗಳಿಗೊಮ್ಮೆ ಸಂಸ್ಥೆಯವರ ಮುಂದೆ ಇಡಬೇಕು. ಇನ್ನೊಂದು ಹಂಚಿ ಮಿಕ್ಕಿದ್ದು. "ಒಯ್ಯಿರಿ, ಮನ್ಯಾಗ ಮಕ್ಕಳಿದ್ರ ಕೊಡ್ರಿ" ಅಂದರು. ನನಗೆ ಮಕ್ಕಳಿಲ್ಲ. ನಾನೇ ಇಟ್ಟುಕೊಂಡೆ. ಇದರಲ್ಲಿ ತಪ್ಪು ಬರೆದರೆ ಕೆಂಪು ಗೆರೆ ಎಳೆಯುವವರಿಲ್ಲ.

ಕೆಲಸ ಇಷ್ಟು. ಜವಳಗೇರಾ ದಾಟಿದ ಮೇಲೆ ಕಾಲುವೆ ಮಗ್ಗುಲಲ್ಲಿ ಒಂದು ಊರು, ಅಲ್ಲಿನ ಸರಕಾರಿ ಸಾಲಿ. ಇಂಗ್ಲಿಷ್ ಕಲಿಸುವವರು ವರ್ಗವಾಗಿ ಹೋಗಿದ್ದಾರೆ. ವಾರಕ್ಕೆ ಮೂರು ದಿನ ನಾನು ಸಿಂಧನೂರಿನಿಂದ ಹೋಗಿ ಏಳನೇ ತರಗತಿಗೆ ಓದು ಬಳಗ ನಡೆಸಬೇಕು. ಐದೈದು ಮಕ್ಕಳು ಸುತ್ತ ಕೂತು ಒಂದೇ ಇಂಗ್ಲಿಷ್ ಕಥೆ ಓದುವುದು. ಒಬ್ಬರದು ಗಟ್ಟಿಯಾಗಿ ಓದುವ ಪಾಳಿ, ಒಬ್ಬರದು ಪ್ರಶ್ನೆ ಕೇಳುವ ಪಾಳಿ, ಒಬ್ಬರು ಕಠಿಣ ಪದ ಹುಡುಕಬೇಕು, ಒಬ್ಬರು ಚಿತ್ರ ಬರೆಯಬೇಕು, ಇನ್ನೊಬ್ಬರು ಕಥೆಯಲ್ಲಿ ಬಂದದ್ದನ್ನು ತಮ್ಮ ಊರಿನ ಸಂಗತಿಗೆ ಜೋಡಿಸಬೇಕು. ವಾರ ವಾರ ಪಾಳಿ ಬದಲು. ಓದುವುದು ಇಂಗ್ಲಿಷಿನಲ್ಲಿ, ಮಾತು ಯಾವ ಭಾಷೆಯದಾದರೂ ನಡೆಯುತ್ತದೆ. ಗಟ್ಟಿ ನಿಯಮ ಒಂದೇ: ಟೀಚರು ಉತ್ತರ ಹೇಳಬಾರದು. ಟೀಚರು ಎಷ್ಟು ಕಡಿಮೆ ಮಾತಾಡಿದರೆ ಅಷ್ಟು ಒಳ್ಳೆಯದು.

ಈ ನಿಯಮ ಕೇಳಿ ಎಷ್ಟು ಹಗುರಾಯಿತೆಂದರೆ ಮಧ್ಯಾಹ್ನ ಎರಡು ಸಲ ಅನ್ನ ಹಾಕಿಸಿಕೊಂಡು ಉಂಡೆ.

ಊಟದ ಮೇಲೆ, ಮಕ್ಕಳು ಓದಬೇಕಾದ ಕಥೆಯನ್ನು ನಮ್ಮಿಂದಲೇ ಗಟ್ಟಿಯಾಗಿ ಓದಿಸಿದರು. ತಲೆಗೊಂದು ಪುಟ. ನನಗೆ ಒಂಬತ್ತನೇ ಪುಟ ಬಂತು. ನಾನು ಕೆಮ್ಮಿದೆ. ಗಂಟಲು ಹಿಡಿದಿದೆ ಎಂದು ಸನ್ನೆ ಮಾಡಿ ಪುಸ್ತಕವನ್ನು ಪಕ್ಕದವರಿಗೆ ದಾಟಿಸಿದೆ. ಸಂಸ್ಥೆಯಲ್ಲಿ ನಮ್ಮನ್ನು ನೋಡಿಕೊಳ್ಳುವ ರಾಜಶ್ರೀ ಮೇಡಂ ಒಮ್ಮೆ ನನ್ನ ಕಡೆ ನೋಡಿದರು. ಏನೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಫಾರ್ಮಿನಲ್ಲಿ 'ಒಂದರಿಂದ ಹತ್ತನೇ ತರಗತಿಯವರೆಗೆ ಬಿಡದೆ ಶಾಲೆಯಲ್ಲಿ ಓದಿದ್ದೀರಾ' ಎಂಬಲ್ಲಿ 'ಹೌದು' ಅಂತ ಟಿಕ್ ಹಾಕಿ ಬಂದಿದ್ದೇನೆ. ಬಸ್ಸಿನಲ್ಲಿ ಬರುವಾಗ ಆ ಟಿಕ್ಕೇ ಕಣ್ಣ ಮುಂದೆ.

ಜುಲೈ ೧೦, ಗುರುವಾರ

ಮೊದಲ ದಿನ. ಇಪ್ಪತ್ತಮೂರು ಮಕ್ಕಳು. ಕಥೆ ದೋಣಿ ನಡೆಸುವ ಮಾಧೋ ಎಂಬ ಮುದುಕನದು. ದಿನವೂ ಮಕ್ಕಳನ್ನು ಹೊಳೆ ದಾಟಿಸಿ ಸಾಲಿಗೆ ಬಿಡುತ್ತಾನೆ. ತಾನು ಮಾತ್ರ ಆಚೆ ದಂಡೆಗೆ ಕಾಲಿಡುವುದಿಲ್ಲ.

ನಾನು ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು ಕೂತೆ. ಗದ್ದಲ ಕೇಳಿ ಹೆಡ್‌ಮಾಸ್ತರು ಅಮರಗುಂಡಪ್ಪ ಸರ್ ಬಂದರು.

"ಏನ್ರೀ ಜಂಬಕ್ಕೋರ, ನೀವು ಸುಮ್ಮ ಕುಂತೀರಿ, ಹುಡುಗರು ಒದರಾಕತ್ಯಾವ. ಇದು ಪಾಠನೋ, ಸಂತಿನೋ?"

"ಇದ ವಿಧಾನ ರೀ ಸರ್. ಟೀಚರು ಮಾತಾಡಬಾರದಂತ."

"ಭಾಳ ಛಲೋ ವಿಧಾನ. ನನಗ್ಯಾಕ ಯಾರೂ ಹೇಳಲಿಲ್ಲ? ಮೂವತ್ತು ವರ್ಷ ಒದರಿ ಒದರಿ ಗಂಟಲು ಕಳಕೊಂಡೆ."

ನಗುತ್ತ ಹೋದರು. ಹಾಸ್ಯಕ್ಕೆ ಅಂದರೋ, ನನಗೆ ಏನೂ ಬರುವುದಿಲ್ಲ ಎಂದು ಗೊತ್ತಾಗಿ ಅಂದರೋ. ಬರುವಾಗ ಬಸ್ಸಿನಲ್ಲಿ ಜಾಗ ಸಿಗಲಿಲ್ಲ. ನಿಂತೇ ಬಂದೆ, ಅದನ್ನೇ ಯೋಚಿಸುತ್ತ.

ಜುಲೈ ೧೫, ಮಂಗಳವಾರ

ನಿಂಗರಾಜ ಎಂಬ ಹುಡುಗ ಬಾಯಿ ಬಡುಕ. ಪುಸ್ತಕ ಹಿಡಿದುಕೊಂಡು ನೇರ ನನ್ನ ಹತ್ತಿರ ಬಂದ. "ಅಕ್ಕೋರ, ಈ ಪದಕ್ಕ ಏನಂತಾರ?"

ಗೊತ್ತಿರಲಿಲ್ಲ. "ನಾ ಹೇಳಂಗಿಲ್ಲ. ನೀನ ಹುಡುಕು. ನಿಯಮ" ಅಂದೆ.

ಅವನು ಡಿಕ್ಷನರಿ ತಿರುವಿ ಹುಡುಕಿದ. ದೋಣಿಯ ಹುಟ್ಟು. ಅವನು ಕೂಗಿ ಹೇಳಿದಾಗ 'ಸರಿ' ಎಂಬಂತೆ ತಲೆಯಾಡಿಸಿದೆ. ಎಂಥ ಕಳ್ಳತನ! ಸಾಲಿ ಬಿಟ್ಟ ಮೇಲೆ ಅದೇ ಡಿಕ್ಷನರಿಯನ್ನು ಚೀಲದಲ್ಲಿ ಹಾಕಿಕೊಂಡು ಬಂದೆ. ಮುಂದಿನ ಎರಡು ಪುಟದ ಪದಗಳನ್ನು ಬಸ್ ಸ್ಟ್ಯಾಂಡಿನಲ್ಲಿ ಕೂತು ನೋಡಿದೆ. ಹದಿನೇಳು ಗೊತ್ತಿಲ್ಲ. ಹದಿನೇಳು!

ಜುಲೈ ೨೨, ಮಂಗಳವಾರ

ಕಾಲುವೆಗೆ ನೀರು ಬಿಟ್ಟಿದ್ದಾರೆ. ಊರಿಗೆ ಊರೇ ಎದ್ದು ನಿಂತಿದೆ. ಬಸ್ಸಿನ ಮುಂದೆ ಟ್ರ್ಯಾಕ್ಟರು, ಹಿಂದೆ ಟ್ರ್ಯಾಕ್ಟರು. ಅರ್ಧ ತಾಸು ತಡವಾಗಿ ಮುಟ್ಟಿದೆ.

ಶಾಕೀರಾ ಇವತ್ತು ಮೊದಲ ಸಲ ಬಾಯಿ ಬಿಟ್ಟಳು. ಎರಡು ವಾರ ಆ ಹುಡುಗಿ ಓಣಿಯ ಕಡೆಯ ಮನೆಯ ಹಾಗೆ ಸುಮ್ಮನಿದ್ದಳು. ಪ್ರಶ್ನೆಯ ಪಾಳಿ ಅವಳದು. ಪ್ರಶ್ನೆಯನ್ನು ಒಮ್ಮೆ ಇಂಗ್ಲಿಷಿನಲ್ಲಿ ಹೇಳಬೇಕೆಂಬುದು ನಿಯಮ. ಎದ್ದು ನಿಂತು, ಲಂಗದ ಅಂಚು ಹಿಡಿದುಕೊಂಡು, "ವೈ ಹೀ ನಾಟ್ ಗೆಟ್ ಡೌನ್?" ಅಂದಳು. ಆಮೇಲೆ ಕನ್ನಡದಲ್ಲಿ: "ಎಲ್ಲಾರನ್ನೂ ದಾಟಸ್ತಾನ. ತಾ ಯಾಕ ಒಂದಿನಾನೂ ಇಳಿಯಂಗಿಲ್ಲ?"

ನಿಂಗರಾಜ: "ಇಳಿದ್ರ ದೋಣಿ ಕಳುವಾಗ್ತೈತಿ. ನಮ್ಮಪ್ಪನೂ ಬೈಕ್ ಬಿಟ್ಟು ಇಳಿಯಂಗಿಲ್ಲ."

ಭುವನೇಶ್ವರಿ: "ನಿಮ್ಮಪ್ಪಗ ಸೊಂಟ ಬ್ಯಾನಿ. ಅದಕ್ಕ ಇಳಿಯಂಗಿಲ್ಲ."

ನಗು ಮುಗಿದ ಮೇಲೆ ನಾಸೀರ್ ಹೇಳಿದ: "ಅವನ ಕಾಲಿಗೆ ರಾಡಿ ಆಗಿರ್ತೈತಿ. ಸಾಲ್ಯಾಗ ಬೈತಾರ ಅಂತ."

ಶಾಕೀರಾ ಒಪ್ಪಲಿಲ್ಲ. "ರಾಡಿ ತೊಳಕೊಂಡ್ರ ಹೋಗ್ತೈತಿ. ಹೊಳ್ಯಾಗ ಇರಾವಗ ನೀರು ಕಡಿಮಿ ಏನು? ಅಂವ ಅಂಜ್ಯಾನ. ಯಾತಕ್ಕ ಅಂಜ್ಯಾನ ಅನ್ನೋದು ಹೇಳ್ರಿ."

ಒಂದು ತಾಸು ಹೊಡೆದಾಡಿದರು. ಘಂಟೆ ಆದದ್ದು ಗೊತ್ತಾಗಲಿಲ್ಲ. ನನಗೂ ಗೊತ್ತಾಗಲಿಲ್ಲ. ಒಂದೆರಡು ಸಲ ಬಾಯಿ ತೆರೆದೆ, ನಿಯಮ ನೆನಪಾಗಿ ಮುಚ್ಚಿದೆ. ಮೊದಲು ಹೆದರಿ ಮುಚ್ಚುತ್ತಿದ್ದೆ, ಇವತ್ತು ಮುಚ್ಚುವುದಕ್ಕೆ ಕಷ್ಟವಾಯಿತು. ತಲೆನೋವು ಬಂದಿದೆ.

ಜುಲೈ ೨೯, ಮಂಗಳವಾರ, ಪಂಚಮಿ

ಮಸ್ಕಿಗೆ ಬಂದಿದ್ದೇನೆ, ಅವ್ವನ ಹತ್ತಿರ. ಉಂಡಿ ಕಟ್ಟುತ್ತ ಕೂತೆವು. ಶಾಕೀರಾಳ ಪ್ರಶ್ನೆಯ ಕಥೆ ಹೇಳಿದೆ.

"ನಾಟಿ ಸುರು ಆಗೈತಿ. ಆ ಹುಡುಗಿ ಇನ್ನೆಷ್ಟು ದಿನ ಬರ್ತಾಳ ನೋಡು" ಅಂದಳು ಅವ್ವ.

"ಹಂಗ್ಯಾಕಂತಿ ಬೇ?"

"ನಿನ್ನ ಏನು ಬಿಡಸಬೇಕಂತ ಬಿಡಿಸಿದ್ದೇನು? ನೆಲ್ಲು ಹಚ್ಚಾಕ ಒಂದು ವಾರ ಅಂದಿದ್ದೆ."

ಹೌದು. ಏಳನೇ ತರಗತಿ. ಒಂದು ವಾರವೆಂದು ಹೋದವಳು ದಸರೆ ಮುಗಿದ ಮೇಲೆ ಬಂದೆ. ಹಾಜರಿಯಲ್ಲಿ ನನ್ನ ಹೆಸರನ್ನು ಕೂಗಲಿಲ್ಲ. ನನ್ನ ಜಾಗದಲ್ಲಿ ಬೇರೆ ಹುಡುಗಿ ಕೂತಿದ್ದಳು. ಯಾರೂ ಬೈಯಲಿಲ್ಲ, ಹೊರಗೆ ಹಾಕಲಿಲ್ಲ. ಎಲ್ಲಿ ಕೂರಬೇಕೆಂದು ತಿಳಿಯದೆ ಬಾಗಿಲಿನಿಂದಲೇ ಮನೆಗೆ ಬಂದೆ, ಅಷ್ಟೆ. ಆಮೇಲೆ ಹದಿನೆಂಟಕ್ಕೆ ಹೊರಗಿನಿಂದ ಹತ್ತನೇ ತರಗತಿ ಕಟ್ಟಿದೆ. ಇಂಗ್ಲಿಷಿನಲ್ಲಿ ಎರಡು ಸಲ ಫೇಲು.

ಅವ್ವ ಹೇಳಿದ್ದು ಸುಳ್ಳಾಗಲಿ. ಉಂಡಿ ಗಟ್ಟಿಯಾದವು. ಪಾಕ ಹೆಚ್ಚು ಹಿಡಿದೆ.

ಆಗಸ್ಟ್ ೫, ಮಂಗಳವಾರ

ಶಾಕೀರಾ ಗುರುವಾರ ಬರಲಿಲ್ಲ. ಶನಿವಾರ ಬರಲಿಲ್ಲ. ಇವತ್ತೂ ಇಲ್ಲ.

"ಹಚ್ಚಾಕ ಹೋಗ್ಯಾಳ ರೀ" ಅಂತ ನಾಸೀರ್ ಹೇಳಿದ. ಅವಳ ಅಮ್ಮ ಶಂಶಾದ್‌ಬೀ ಬದುವಿನ ಮೇಲೆ ಜಾರಿ ಬಿದ್ದು ಮುಂಗೈ ಮುರಿದುಕೊಂಡಿದ್ದಾಳಂತೆ. ಇವರ ಒಂದು ಎಕರೆಗೆ ನಾಲ್ಕು ಮನೆಯವರು ಬಂದು ನೆಲ್ಲು ಹಚ್ಚಿ ಹೋಗಿದ್ದಾರೆ. ಆ ನಾಲ್ಕು ಮನೆಗೂ ಒಂದೊಂದು ದಿನ ಮುಯ್ಯಿ ತೀರಿಸಬೇಕು. ಮುಯ್ಯಿಯಲ್ಲಿ ಕೂಲಿ ಕೊಡುವುದಿಲ್ಲ, ತೆಗೆದುಕೊಳ್ಳುವುದಿಲ್ಲ. ನೀವು ನನ್ನ ಹೊಲಕ್ಕೆ ಬಂದರೆ ನಾನು ನಿಮ್ಮ ಹೊಲಕ್ಕೆ ಬರಬೇಕು, ಅಷ್ಟೆ. ಅಮ್ಮನಿಗೆ ಆಗದಿದ್ದರೆ ಮಗಳು.

ಗುಂಪಿನಲ್ಲಿ ನಾಲ್ವರೇ ಕೂತಿದ್ದರು. ಅವಳ ಜಾಗಕ್ಕೆ ಭುವನೇಶ್ವರಿ ತನ್ನ ಚೀಲ ಇಟ್ಟಿದ್ದಳು. ಅದನ್ನು ತೆಗೆ ಎಂದು ಹೇಳಬೇಕಿತ್ತೋ, ಇಡು ಎಂದು ಹೇಳಬೇಕಿತ್ತೋ. ಸುಮ್ಮನೆ ಕೂತೆ. ನಿಯಮವೂ ಅದೇ ತಾನೇ.

ಆಗಸ್ಟ್ ೭, ಗುರುವಾರ

ಸಾಲಿ ಬಿಟ್ಟ ಮೇಲೆ ಶಾಕೀರಾಳ ಮನೆಗೆ ಹೋದೆ. ಯಾಕೆ ಹೋದೆನೋ. ಬಾಗಿಲ ತನಕ ಹೋಗಿ ಎರಡು ಸಲ ತಿರುಗಿದೆ. ಮೂರನೇ ಸಲ ಅವಳ ಅಜ್ಜಿ ಖಾಸಿಂಬೀ ನೋಡಿಬಿಟ್ಟಳು. ಊರಿನಲ್ಲಿ ನಾಟಿಗೆ ಗುಂಪು ಕಟ್ಟಿಕೊಂಡು ಹೋಗುವವಳು ಅವಳೇ.

"ಯಾರ ಬೇಕಾಗಿತ್ತು? ಓಣ್ಯಾಗ ಹೋಗೂದು ಬರೂದು ಮಾಡಾಕತ್ತೀರಿ."

ಹೇಳಿದೆ. ಒಳಗೆ ಶಂಶಾದ್‌ಬೀ ಕೈಗೆ ಪಟ್ಟಿ ಕಟ್ಟಿಕೊಂಡು ಮಲಗಿದ್ದಳು. ಶಾಕೀರಾ ಆಗಷ್ಟೇ ಹೊಲದಿಂದ ಬಂದು ಕಾಲು ತೊಳೆಯುತ್ತಿದ್ದಳು. ನನ್ನನ್ನು ನೋಡಿ ಕಾಲು ಮುಚ್ಚಿಕೊಂಡಳು.

ಖಾಸಿಂಬೀ ಸಿಟ್ಟಿನವಳಲ್ಲ. ಹೇಳುವುದನ್ನು ನೆಟ್ಟಗೆ ಹೇಳಿದಳು. "ಎರಡು ಮನಿ ಮುಯ್ಯಿ ತೀರೈತಿ. ಎರಡು ಉಳದಾವ. ಅವು ಮುಗದ್ರ ಮುಕ್ಕುಂದದ ಕಡಿ ಕೂಲಿ ನಾಟಿ ಐತಿ, ಇಪ್ಪತ್ತು ದಿನ. ಹುಡುಗಿ ಕೈ ಛಲೋ ಹತ್ತೈತಿ. ಕರಕೊಂಡು ಹೋಗ್ತೀನಿ."

"ಆಮ್ಯಾಲ ಸಾಲಿ?"

"ಆಮ್ಯಾಲ ನೋಡೂಣು."

ಆ 'ಆಮ್ಯಾಲ' ನನಗೆ ಗೊತ್ತು. ಅದರಲ್ಲೇ ಐದು ವರ್ಷ ಇದ್ದೆ. ಹುಡುಗಿ ಓದುತ್ತಾಳೆ, ಬಳಗದಲ್ಲಿ ಅವಳಷ್ಟು ಚೆನ್ನಾಗಿ ಯಾರೂ ಕೇಳುವುದಿಲ್ಲ ಎಂದೆಲ್ಲ ತೊದಲಿದೆ. ಖಾಸಿಂಬೀ ಎಲೆಗೆ ಸುಣ್ಣ ಹಚ್ಚುತ್ತ ಕೇಳಿದಳು.

"ಮುಯ್ಯಿ ಯಾರು ತೀರಿಸಬೇಕು ಬೇಟಿ? ನೀವು ಬರ್ತೀರೇನು? ಆಳಿಗೆ ಆಳು. ಈ ಎರಡು ದಿನ ನೀವು ಬಗ್ಗಿ ಹಚ್ಚಿದ್ರ ಹುಡುಗಿ ಸಾಲಿಗೆ. ಮುಕ್ಕುಂದಕ್ಕೂ ಒಯ್ಯಂಗಿಲ್ಲ. ಜಬಾನ್ ಕೊಡ್ತೀನಿ."

ಒಳಗಿಂದ ಶಂಶಾದ್‌ಬೀ ನಕ್ಕಳು. ಅದು ನನ್ನನ್ನು ಮನೆಗೆ ಕಳಿಸುವ ಮಾತು, ನನಗೆ ತಿಳಿಯದೆ ಇಲ್ಲ. ಆದರೆ ಹೆದರಿದಾಗ ನಾನು ಎಲ್ಲದಕ್ಕೂ ತಲೆಯಾಡಿಸುತ್ತೇನೆ. ಇದಕ್ಕೂ ಆಡಿಸಿಬಿಟ್ಟೆ.

ನಗು ನಿಂತಿತು. ಖಾಸಿಂಬೀ ಎಲೆಯನ್ನು ಕೆಳಗಿಟ್ಟು ನನ್ನ ಕೈಯನ್ನು ತಿರುಗಿಸಿ ನೋಡಿದಳು. "ಹಚ್ಚಿದ ಕೈ ಐತಿ" ಅಂದಳು. "ಭಾನುವಾರ ಏಳಕ್ಕ ಬರ್ರಿ."

ಇನ್ನು ತಪ್ಪಿಸುವ ಹಾಗಿಲ್ಲ. ಮುಯ್ಯಿಯಲ್ಲಿ ಹ್ಞೂಂ ಅಂದ ಮೇಲೆ ಗುಂಪು ಆ ಆಳನ್ನು ಲೆಕ್ಕಕ್ಕೆ ಹಿಡಿದೇ ಸಸಿ ಕಿತ್ತಿಡುತ್ತದೆ. ಕಿತ್ತ ಸಸಿ ಕಾಯುವುದಿಲ್ಲ.

ಆಗಸ್ಟ್ ೧೦, ಭಾನುವಾರ

ನಮ್ಮವರು ರೈಸ್ ಮಿಲ್ಲಿಗೆ ಹೊರಡುತ್ತ, "ಲೇ, ನಿನಗ ಬುದ್ಧಿ ನೆಟ್ಟಗೈತೇನು? ಪಾಠ ಹೇಳಾಕ ಇಟ್ಟಾರೋ, ಹೊಲ ಹಚ್ಚಾಕ ಇಟ್ಟಾರೋ?" ಅಂದರು. ಹಳೆ ಸೀರೆ ಹುಡುಕಿಕೊಟ್ಟವರೂ ಅವರೇ.

ಹತ್ತೊಂಬತ್ತು ವರ್ಷದ ಮೇಲೆ ಕೆಸರಿಗೆ ಇಳಿದೆ. ಮೊದಲ ಸಾಲಿನಲ್ಲೇ ಹಿಂದೆ ಬಿದ್ದೆ. ಮಗ್ಗುಲಲ್ಲಿ ಹಚ್ಚುತ್ತಿದ್ದ ಲಾಲ್‌ಬೀ ಕೂಗಿದಳು: "ಅಕ್ಕೋರ, ಇಂಗ್ಲಿಷ್‌ನಾಗ ಹಚ್ಚಾಕತ್ತೀರೇನು? ಸಾಲು ಡೊಂಕಾಗ್ಯಾವ!"

ಹೊಲಕ್ಕೆ ಹೊಲವೇ ನಕ್ಕಿತು. ನಾನೂ ನಕ್ಕೆ. ಮಧ್ಯಾಹ್ನದ ಹೊತ್ತಿಗೆ ಕೈಗೆ ಹಳೆಯದು ನೆನಪಾಯಿತು. ಮೂರು ಸಸಿ ಹೆಬ್ಬೆರಳಿಗೆ ಹಿಡಿದು ಒತ್ತುವುದು, ಹಿಂದೆ ಸರಿಯುವುದು. ಸೊಂಟಕ್ಕೆ ಮಾತ್ರ ಏನೂ ನೆನಪಾಗಲಿಲ್ಲ.

ರೊಟ್ಟಿ ತಿನ್ನುವಾಗ ಸಾಲಿಯಲ್ಲಿ ಏನು ಓದಿಸುತ್ತೀರಿ ಎಂದು ಕೇಳಿದರು. ಮಾಧೋನ ಕಥೆ ಹೇಳಿದೆ. ಪುಟ ಪುಟವೂ ನೆನಪಿತ್ತು. ಕಡೆಗೊಂದು ದಿನ ಮಾಧೋ ಹುಟ್ಟು ಕೆಳಗಿಟ್ಟು ಆಚೆ ದಂಡೆಗೆ ಇಳಿಯುತ್ತಾನೆ, ಸಾಲಿಯ ಕಡೆ ನಡೆದು ಹೋಗುತ್ತಾನೆ, ಅಲ್ಲಿಗೆ ಕಥೆ ಮುಗಿಯುತ್ತದೆ ಅಂದೆ. "ಇಷ್ಟ? ಒಳಗ ಬಿಟ್ಟರೋ ಇಲ್ಲೋ?" ಅಂದಳು ಲಾಲ್‌ಬೀ. ಬರೆದಿಲ್ಲ ಅಂದೆ. "ಎಂಥಾ ಪುಸ್ತಕ ಬರೀತಾರವ್ವ, ಅರ್ಧಕ್ಕ ಬಿಡ್ತಾರ" ಎಂದು ಬೈದಳು.

ಎದ್ದು ನಿಲ್ಲುವುದಕ್ಕೆ ಕಂಬ ಹಿಡಿಯಬೇಕಾಗಿದೆ. ಸಾಕು.

ಆಗಸ್ಟ್ ೧೨, ಮಂಗಳವಾರ

ಶಾಕೀರಾ ಬಂದಳು. ಭುವನೇಶ್ವರಿ ತನ್ನ ಚೀಲ ತೆಗೆದು, "ನಿನ್ನ ಜಾಗ ಯಾರಿಗೂ ಕೊಟ್ಟಿಲ್ಲ" ಅಂದಳು. ಹಾಗಾದರೆ ಚೀಲ ಇಟ್ಟದ್ದು ಅದಕ್ಕೆ. ನಾನು ಏನೇನೋ ತಿಳಿದುಕೊಂಡಿದ್ದೆ.

ಖುಷಿ ಪಡಲು ಪುರಸೊತ್ತಿಲ್ಲ. ಹನ್ನೊಂದಕ್ಕೆ ರಾಜಶ್ರೀ ಮೇಡಂ ಮೆಸೇಜ್: ಗುರುವಾರ ನಿಮ್ಮ ತರಗತಿ ನೋಡಲು ಬರುತ್ತೇನೆ, ನಿಮ್ಮನ್ನು ಮುಂದುವರಿಸುವುದು ಈ ವರದಿಯ ಮೇಲೆ. ಮೂರಕ್ಕೆ ಖಾಸಿಂಬೀ ಸಾಲಿ ಗೇಟಿಗೇ ಬಂದಳು: ನಾಲ್ಕನೇ ಮನೆಯವರ ಹೊಲಕ್ಕೆ ನೀರಿನ ಪಾಳಿ ಬಂದಿದೆ. ನಾಟಿ ಗುರುವಾರ.

"ಶುಕ್ರವಾರ ಆಗಂಗಿಲ್ಲೇನು?" ಅಂದೆ.

"ಕಾಲುವಿ ನಂದಲ್ಲ ಬೇಟಿ. ನಿಮಗ ಆಗಂಗಿಲ್ಲಂದ್ರ ಹೇಳ್ರಿ, ಹುಡುಗಿ ಬರ್ತಾಳ. ಆದ್ರ ಮಾತು ಹೋತು."

ಶಾಕೀರಾ ಗೇಟಿನ ಒಳಗೆ ನಿಂತು ಎಲ್ಲ ಕೇಳಿಸಿಕೊಂಡಳು. ಏನೂ ಕೇಳಲಿಲ್ಲ. ಕೇಳುವ ಹುಡುಗಿ ಸುಮ್ಮನಿದ್ದದ್ದೇ ನನಗೆ ತಡೆಯಲಾಗಲಿಲ್ಲ.

ಆಗಸ್ಟ್ ೧೩, ಬುಧವಾರ

ರಾಜಶ್ರೀ ಮೇಡಂಗೆ ಫೋನು ಹಚ್ಚಿದೆ. ಒಂದು ರಿಂಗಿಗೆ ಕಟ್ ಮಾಡಿದೆ. ಮತ್ತೆ ಹಚ್ಚಿದೆ, ಮತ್ತೆ ಕಟ್. ಮೆಸೇಜ್ ಬರೆದೆ, ಅಳಿಸಿದೆ. ದಿನಾಂಕ ಬದಲಿಸಿ ಅಂದರೆ ಯಾಕೆ ಅಂತಾರೆ. ಯಾಕೆ ಎಂದು ಹೇಳಿದರೆ, ನಿಮಗೆ ಇದೆಲ್ಲ ಯಾಕೆ ಬೇಕಿತ್ತು ಅಂತಾರೆ. ಅಲ್ಲಿಂದ ಆ ಟಿಕ್ಕಿಗೆ ಎಷ್ಟು ದೂರ?

ಅಮರಗುಂಡಪ್ಪ ಸರ್‌ಗೆ ಮಾತ್ರ ಫೋನಿನಲ್ಲಿ ಹೇಳಿದೆ, ಗುರುವಾರ ಹೊಲಕ್ಕೇ ಹೋಗುತ್ತೇನೆ ಅಂತ. "ನೀವು ಹೋಗ್ರಿ. ನಾ ಬಾಗಲದಾಗ ಕುರ್ಚಿ ಹಾಕ್ಕೊಂಡು ಕುಂತಿರ್ತೀನಿ. ಇಂಗ್ಲಿಷ್ ನನಗ ಬರಂಗಿಲ್ಲ, ಮತ್ತ ಕೇಳಬ್ಯಾಡ್ರಿ" ಅಂದರು.

"ನನಗೂ ಬರಂಗಿಲ್ಲ ರೀ ಸರ್" ಎಂಬ ಮಾತು ಬಾಯಿಂದ ಹೊರಗೆ ಬಿದ್ದೇಬಿಟ್ಟಿತು.

"ಗೊತ್ತೈತಿ" ಅಂದರು. "ಡಿಕ್ಷನರಿ ಒಯ್ದೀರಿ, ಇನ್ನೂ ವಾಪಸ್ ತಂದಿಲ್ಲ."

ಆಗಸ್ಟ್ ೧೪, ಗುರುವಾರ, ಹೊಲದ ಬದು

ರೊಟ್ಟಿ ಹೊತ್ತು. ಕೈ ತೊಳೆದರೂ ಕಾಗದಕ್ಕೆ ಕೆಸರು ಹತ್ತುತ್ತಿದೆ. ಹನ್ನೆರಡೂವರೆ. ಈಗ ಮೇಡಂ ತರಗತಿಯಲ್ಲಿ ಇರುತ್ತಾರೆ. ಇಲ್ಲಿಂದ ಸಾಲಿಯ ಮೇಲಿನ ನೀರಿನ ಟಾಕಿ ಕಾಣುತ್ತದೆ. ಅದನ್ನೇ ನೋಡುತ್ತಿದ್ದೇನೆ, ಅದರ ಮೇಲೆ ಯಾರೋ ಫಲಿತಾಂಶ ಬರೆಯುತ್ತಾರೆ ಎಂಬಂತೆ.

ಕೆಲಸ ಹೋಯಿತು ಎಂದು ಇಟ್ಟುಕೊಳ್ಳುತ್ತೇನೆ. ಹೋದರೆ ನನ್ನ ಕೆಲಸ ಹೋಗುತ್ತದೆ, ಶಾಕೀರಾ ಮಾತ್ರ ಒಳಗೆ ಕೂತಿದ್ದಾಳೆ. ಇನ್ನೂ ಆರು ಸಾಲು ಇವೆ.

ಆಗಸ್ಟ್ ೧೫, ಶುಕ್ರವಾರ

ಧ್ವಜ ಏರಿಸಿದ ಮೇಲೆ ಅಮರಗುಂಡಪ್ಪ ಸರ್ ಚಾಕೊಲೇಟು ಹಂಚುತ್ತ ಎಲ್ಲ ಹೇಳಿದರು.

ಮೇಡಂ ಬಂದಾಗ ಮಕ್ಕಳು ಆಗಲೇ ಸುತ್ತ ಕೂತಿದ್ದರು. "ಟೀಚರ್ ಎಲ್ಲಿ?" ಅಂದರೆ, ನಿಂಗರಾಜ ಎದ್ದು, "ಅಕ್ಕೋರು ಮಾತಾಡಂಗಿಲ್ಲ ರೀ, ನಿಯಮ ಐತಿ. ಇವತ್ತು ಇನ್ನೂ ಛಲೋ ಮಾಡ್ಯಾರ, ಬಂದ ಇಲ್ಲ" ಅಂದನಂತೆ. ಸರ್‌ಗೆ ಅಲ್ಲಿಯೇ ಬಾಗಿಲಿನೊಳಗೆ ಭೂಮಿ ಬಿರಿಯಬಾರದೇ ಅನ್ನಿಸಿತಂತೆ.

ಮೇಡಂ ಹಿಂದೆ ಹೋಗಿ ಕೂತರು. ಕಡೆಯ ಪುಟ, ಮಾಧೋ ದೋಣಿ ಇಳಿದು ಹೋಗುವ ಪುಟ. ಭುವನೇಶ್ವರಿ ಓದಿದಳು. ಪ್ರಶ್ನೆಯ ಪಾಳಿ ಮತ್ತೆ ಶಾಕೀರಾಳಿಗೆ ಕೊಟ್ಟಿದ್ದರು, ತಪ್ಪಿಹೋದ ವಾರಗಳ ಬದಲಿಗೆ. ಅವಳು ಕೇಳಿದಳು:

"ಮಾಧೋ ಇಳದು ಹೋದ ದಿನ ದೋಣಿ ಯಾರು ನಡಸಿದ್ರು?"

ಪುಸ್ತಕದಲ್ಲಿ ಅದು ಇಲ್ಲ. ಎಲ್ಲರೂ ಹಾಳೆ ತಿರುವಿದರು. ಆಮೇಲೆ ನಾಸೀರ್, "ಹುಡುಗರ ನಡಿಸ್ಯಾರ. ದಿನಾ ಕುಂತು ನೋಡ್ಯಾರಲ್ಲ, ಬರಂಗಿಲ್ಲೇನು?" ಅಂದ. ನಿಂಗರಾಜ, "ಮುಳುಗಿದ್ರ?" ಅಂದ. ಶಾಕೀರಾ, "ಮುಳುಗಿಲ್ಲ. ಮುಳುಗಿದ್ರ ಮಾಧೋ ಸಾಲಿ ಬಾಗಲದಿಂದ ಓಡಿ ಬರ್ತಿದ್ದ" ಅಂದಳು. ಮುಕ್ಕಾಲು ತಾಸು ನಡೆಯಿತಂತೆ. ಮೇಡಂ ಬರೆದುಕೊಂಡೇ ಇದ್ದರಂತೆ.

ಶಾಕೀರಾಳ ಪ್ರಶ್ನೆಯನ್ನು ಇನ್ನೊಮ್ಮೆ ಹೇಳಿಸಿಕೊಂಡೆ. ಆದರೆ ಯೋಚನೆ ಬೇರೆ ಕಡೆ. ಬರೆದುಕೊಂಡರೆಂದರೆ ನನ್ನ ಮೇಲೆ ಬರೆದುಕೊಂಡರು. ಸಂಜೆಗೆ ಮೇಡಂ ಫೋನು ಬಂತು.

"ಜಂಬಮ್ಮ, ತರಗತಿಯಲ್ಲಿ ಯಾಕೆ ಇರಲಿಲ್ಲ ಅಂತ ಬರೆದು ಕಳಿಸಿ."

"ಜ್ವರ ಅಂತ ಬರೀರಿ, ನಾನೂ ಹೂಂ ಅಂತೀನಿ" ಎಂದು ಸರ್ ಹೇಳಿಕೊಟ್ಟಿದ್ದರು. ಅದನ್ನೇ ಬರೆಯಬೇಕೆಂದು ಕೂತೆ. 'ಜ್ವರ' ಎಂದು ಬರೆಯುವ ಮುಂಚೆ ಒಂದು ಕಡೆ ಮುಯ್ಯಿ ಎಂದು ಬರೆದೆ. ಅದನ್ನು ಬಿಡಿಸಿ ಹೇಳಬೇಕಾಯಿತು. ಹೇಳುವಾಗ ಶಾಕೀರಾ ಬಂದಳು, ಅವಳ ಹಿಂದೆ ನಾನು, ಏಳನೇ ತರಗತಿ, ದಸರೆ, ಬಾಗಿಲು. ಕಡೆಗೆ ಆ ಟಿಕ್ಕೂ ಬಂತು. ನಾಲ್ಕು ಪುಟ. ಫೋಟೋ ತೆಗೆದು ಕಳಿಸಿಬಿಟ್ಟೆ. ತಪ್ಪು ತಿದ್ದಲಿಲ್ಲ.

ಆಗಸ್ಟ್ ೧೬, ಶನಿವಾರ

ಉತ್ತರ ಇಲ್ಲ. ಓದಿದ್ದಾರೆ ಎಂಬ ಎರಡು ನೀಲಿ ಗೀಟು ಮಾತ್ರ ಬಂದಿವೆ.

ಸಾಲಿಯಲ್ಲಿ ಬೇರೊಂದು ತಾಪತ್ರಯ. ನಿಂಗರಾಜ ಗುಂಪು ಕಟ್ಟಿಕೊಂಡು ಬಂದು ಮುಂದೆ ನಿಂತ.

"ಅಕ್ಕೋರ, ಗುರುವಾರ ನಿಮ್ಮ ಕೆಲಸ ನಾವು ಮಾಡೀವಿ."

"ಹೌದಪ್ಪ. ಛಲೋ ಮಾಡೀರಂತ."

"ಛಲೋ ಅಂದ್ರ ಮುಗೀತೇನ್ರಿ? ಮುಯ್ಯಿ ಬಾಕಿ ಐತಿ ನಿಮ್ದು. ಆಳಿಗೆ ಆಳು. ನಮ್ಮ ಗುಂಪಿನಾಗ ಕುಂತು ಒಂದು ಪಾಳಿ ನೀವು ಮಾಡಬೇಕು."

"ಚಿತ್ರ ಬರೀತೀನಿ" ಅಂದೆ ತಟ್ಟನೆ.

"ಚಿತ್ರದ ಪಾಳಿ ನಂದೈತಿ" ಅಂದ ನಾಸೀರ್. "ಗಟ್ಟಿ ಓದೋ ಪಾಳಿ ಖಾಲಿ ಐತಿ. ಕಥಿ ಮುಗದೈತಿ, ಚೀಟ್ಯಾಗ ಬಂದ ಪುಟ ಮತ್ತ ಓದ್ರಿ."

ಕ್ಯಾಲೆಂಡರಿನ ಹಾಳೆಯ ಚೂರುಗಳಲ್ಲಿ ಪುಟದ ಅಂಕಿ ಬರೆದು ಚೀಟಿ ಎತ್ತಿಸಿದರು. ಬಂದದ್ದು ಒಂಬತ್ತು. ನನ್ನ ಹಣೆಬರಹ ಬರೆದವನಿಗೆ ಬೇರೆ ಅಂಕಿ ಬರುವುದಿಲ್ಲ. ಕೆಮ್ಮು ಬಂತು. ಮಕ್ಕಳು ಅದಕ್ಕೂ ಕಾದು ನಿಂತರು. "ಮಂಗಳವಾರ" ಅಂದೆ.

ಆಗಸ್ಟ್ ೧೮, ಸೋಮವಾರ

ರಾಜಶ್ರೀ ಮೇಡಂ ಫೋನು. ರೊಟ್ಟಿ ಹಂಚಿನ ಮೇಲಿತ್ತು, ಹೊತ್ತಿಹೋಯಿತು.

"ಕಾಗದ ಓದಿದೆ. ಹೇಳದೆ ಹೋದದ್ದು ತಪ್ಪು. ಇನ್ನೊಮ್ಮೆ ಹೀಗಾದರೆ ಫೋನು ಮಾಡಿ, ಒಂದು ರಿಂಗಿಗೆ ಕಟ್ ಮಾಡಬೇಡಿ. ಹೊಸ ಫಾರ್ಮ್ ಕಳಿಸ್ತೀನಿ, ಆ ಟಿಕ್ ಸರಿಮಾಡಿ ಕಳಿಸಿ. ಮಾರ್ಚ್ ತನಕ ನೀವೇ."

ಹ್ಞೂಂ ಅಂದೆ, ನಾಲ್ಕೈದು ಸಲ.

ಸರ್‌ಗೆ ವರದಿಯ ನಕಲು ಹೋಗಿದೆಯಂತೆ. ಅವರೂ ಫೋನು ಮಾಡಿ ಓದಿದರು. 'ತರಗತಿಯಲ್ಲಿ ಶಿಕ್ಷಕರು ಮಾತಾಡಿದ ನಿಮಿಷ' ಎಂಬ ಖಾನೆಯಲ್ಲಿ ಮೇಡಂ ಸೊನ್ನೆ ಬರೆದಿದ್ದಾರೆ. ಈ ಖಾನೆಯಲ್ಲಿ ಕಡಿಮೆ ಬಂದಷ್ಟೂ ಒಳ್ಳೆಯದಲ್ಲವೇ. "ಜಂಬಕ್ಕೋರ, ಇಂಗ್ಲಿಷಿನಾಗ ಸೊನ್ನಿ ತಗೊಂಡು ಪಾಸಾದವರು ಇಡೀ ಜಿಲ್ಲಾಕ್ಕ ನೀವೊಬ್ರ" ಎಂದು ನಕ್ಕರು. "ನಾಳೆ ಡಿಕ್ಷನರಿ ತರ್ರಿ."

ತರುವುದಿಲ್ಲ. ಒಂಬತ್ತನೇ ಪುಟದಲ್ಲಿ ಇನ್ನೂ ನಾಲ್ಕು ಪದ ನೋಡಬೇಕು.

ಆಗಸ್ಟ್ ೧೯, ಮಂಗಳವಾರ

ಮಕ್ಕಳ ನಡುವೆ ನೆಲದ ಮೇಲೆ ಕೂತೆ. ಸೊಂಟ ಇನ್ನೂ ನೋಯುತ್ತಿದೆ, ಕೂರುವಾಗ ಭುವನೇಶ್ವರಿ ಕೈ ಹಿಡಿದಳು. ಪುಸ್ತಕ ತೆಗೆದೆ. ಉಗುರಿನ ಸಂದಿಯಲ್ಲಿ ಹೊಲದ ಕಪ್ಪು ಇನ್ನೂ ಇತ್ತು. ಮುಚ್ಚಿಕೊಳ್ಳಬೇಕೆಂದರೆ ಎರಡೂ ಕೈ ಪುಸ್ತಕ ಹಿಡಿದಿದ್ದವು.

ಎರಡನೇ ಸಾಲಿನಲ್ಲೇ ಸಿಕ್ಕಿಬಿದ್ದೆ. ಬೆಳಿಗ್ಗೆ ಬಸ್ಸಿನಲ್ಲಿ ಹತ್ತು ಸಲ ಹೇಳಿಕೊಂಡ ಪದ, ಬಾಯಿಗೆ ಬರಲಿಲ್ಲ. ನಿಂಗರಾಜ ಹೇಳಿಕೊಡಲು ಬಾಯಿ ತೆರೆದ.

ಶಾಕೀರಾ ಅವನ ಮೊಣಕಾಲಿಗೆ ಹೊಡೆದಳು. "ಹೇಳಬ್ಯಾಡಲೇ. ನಿಯಮ ಐತಿ. ಅಕ್ಕೋರು ತಾವ ಹುಡುಕ್ತಾರ."

ಕಾದರು. ಇಪ್ಪತ್ತಮೂರು ಮಕ್ಕಳೂ ಕಾದರು. ಹೊರಗೆ ಕಾಲುವೆ ಮೇಲೆ ಟ್ರ್ಯಾಕ್ಟರು ಹೋದದ್ದು ಕೇಳಿಸಿತು. ಆಮೇಲೆ ಪದ ಸಿಕ್ಕಿತು.

ಒಂಬತ್ತನೇ ಪುಟ ಮುಗಿಯಿತು. ಅಲ್ಲಿಗೆ ನಿಲ್ಲಬೇಕಿತ್ತು, ಮುಯ್ಯಿ ಅಷ್ಟಕ್ಕೇ. ಆದರೆ ಮಾಧೋ ಹುಟ್ಟು ಎತ್ತಿ ಹಿಡಿದು ನಿಂತಿದ್ದ, ಮಳೆ ಬರುವ ಹಾಗಿತ್ತು, ಹಾಳೆ ತಿರುವಿ ಹತ್ತನೆಯದನ್ನೂ ಓದಿಬಿಟ್ಟೆ. ಯಾರೂ ಬೇಡ ಅನ್ನಲಿಲ್ಲ. ಮುಗಿದ ಮೇಲೆ ನೆನಪಾಯಿತು, ಹತ್ತನೆಯದು ಮುಂದಿನ ಪಾಳಿಗೆ ನಾಸೀರ್ ಓದಬೇಕೆಂದು ಇಟ್ಟುಕೊಂಡಿದ್ದ ಪುಟ. ಅವನ ಪಾಳಿ ತಿಂದಂತಾಯಿತು. ಬೇಜಾರಾಗಿದ್ದಾನೋ ಏನೋ. ಗುರುವಾರ ಕೇಳಬೇಕು.